ಹಾಲೇ ಮದ್ದು

ಕೃಷ್ಣಮೂರ್ತಿಪುರಂ, ಮೈಸೂರು
17 ಜನವರಿ 1960

ಚಿ. ಅಂಬುಜಾಳಿಗೆ ಅಪ್ಪನ ಆಶೀರ್ವಾದ.

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದುಕೊಂಡು ಮುಂದಕ್ಕೆ ಓದು.

ಸಂಕ್ರಾಂತಿ ಕಳೆಯಿತು. ಎಳ್ಳು ಬೀರಲು ಬೀದಿಯ ಕೊನೆಯವರೆಗೂ ಹೋಗುತ್ತಿದ್ದ ನಿಮ್ಮಮ್ಮ ಈ ಸಲ ಪಕ್ಕದ ವಸಂತಮ್ಮನವರ ಜಗಲಿಯಲ್ಲೇ ತಟ್ಟೆ ಇಳಿಸಿ ಕೂತುಬಿಟ್ಟಳು. ತಲೆ ಸುತ್ತು. ಜೊತೆಗೆ ಮೇಲ್ಹೊಟ್ಟೆಯಲ್ಲಿ ಉರಿ, ನೋವು. ದೀಪಾವಳಿಯಿಂದ ಇತ್ತೆಂದು ಈಗ ಹೇಳುತ್ತಾಳೆ. ಲಕ್ಷ್ಮೀಪುರಂನ ಡಾಕ್ಟರ್ ದೊರೆಸ್ವಾಮಿಯವರ ಹತ್ತಿರ ಕರೆದುಕೊಂಡು ಹೋದೆ. ಆತ ಸರ್ಜನ್, ಮಾತು ಕಮ್ಮಿ, ಕೈ ಚುರುಕು ಎಂದು ಹೆಸರು. ಎಕ್ಸ್‌ರೇ ತೆಗೆಸಿದರು, ಬೆಳಕಿಗೆ ಹಿಡಿದರು, ಜಠರದಲ್ಲಿ ಹುಣ್ಣು ಎಂದರು. ಹೊತ್ತು ಹೊತ್ತಿಗೆ ಹಾಲು, ಮೆತ್ತಗಿನ ಮೊಸರನ್ನ, ತೊವ್ವೆ. ಖಾರ, ಹುಳಿ ಕೂಡದು. ಅದನ್ನು ನಾನು ಹೀಗೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ:

ಹಾಲೇ ಮದ್ದು,
ಮಿಕ್ಕದ್ದೆಲ್ಲ ರದ್ದು.

ನಿಮ್ಮಮ್ಮ ಓದಿ "ಆಗ್ಲಿ ಕಣ್ರೀ" ಎಂದಳು. ಡಾಕ್ಟರಿಗೂ ಹಾಗೇ ಅಂದಳು. ಇಷ್ಟು ವಿಧೇಯ ರೋಗಿ ಅವರಿಗೆ ಸಿಕ್ಕಿರಲಾರದು. ಬೆಳಿಗ್ಗೆ ಪ್ರೆಸ್ಸಿಗೆ ಹೊರಡುವ ಮುಂಚೆ ನಾನೇ ಲೋಟಕ್ಕೆ ಹಾಲು ಬಗ್ಗಿಸಿ ಅವಳ ಮುಂದಿಟ್ಟು ಹೋಗುತ್ತೇನೆ. ಹಾಲು ಜಾಸ್ತಿ ಹಾಕಿಸಿಕೊಂಡದ್ದರಿಂದ ನನಗೂ ಲಾಭ. ಮೊಸರು ಈಗ ಚಾಕು ಕೇಳುವಷ್ಟು ಗಟ್ಟಿ. ಆಗಾಗ ಪಾಯಸ ಬೇರೆ. ಪಂಚೆಯ ಗಂಟು ಹಳೇ ಜಾಗಕ್ಕೆ ಬರುತ್ತಿಲ್ಲ.

ಮೂರನೆಯ ವರ್ಷದ ವೈದ್ಯವಿದ್ಯಾರ್ಥಿನಿ ಗಾಬರಿಯಾಗುವಂಥದ್ದು ಏನೂ ಇಲ್ಲ.

ಹೊಟ್ಟೆಯ ಉರಿಗೆ ಹಾಲಿನ ತಂಪು,
ಮುಂದಿನ ತಿಂಗಳು ಮುಖದಲಿ ಕೆಂಪು.

ನಿಮ್ಮಮ್ಮ ಪಕ್ಕದಲ್ಲೇ ನಿಂತು, "ಹಾಸ್ಟೆಲಲ್ಲಿ ಈಗ್ಲಾದ್ರೂ ಮೊಸ್ರು ಗಟ್ಟಿಯಾಗಿ ಹಾಕ್ತಾರಾ, ಕೇಳಿ" ಎನ್ನುತ್ತಿದ್ದಾಳೆ. ಕೇಳಿದ್ದೇನೆ.

ಇತಿ,
ನಿನ್ನ ಅಪ್ಪ ಬಿಂದುಮಾಧವ


ಮಂಗಳೂರು
24 ಜನವರಿ 1960

ತೀರ್ಥರೂಪು ಅಪ್ಪನಿಗೆ ಅಂಬುಜಾಳ ನಮಸ್ಕಾರಗಳು.

ನಿಮ್ಮ ಕಾಗದದಲ್ಲಿ ಪ್ರಾಸ ಜಾಸ್ತಿಯಾಗಿದೆ. ನಾನು ಚಿಕ್ಕವಳಿದ್ದಾಗ, ಅಜ್ಜಿಯ ಕೊನೆಯ ವಾರದಲ್ಲಿ, ನೀವು ಹೀಗೇ ಪ್ರಾಸ ಕಟ್ಟಿಕೊಂಡು ಮನೆ ತುಂಬ ಓಡಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅದಕ್ಕೇ ಹೆದರಿಕೆಯಾಯಿತು.

ನಮ್ಮ ವಾರ್ಡಿನಲ್ಲಿ ಒಬ್ಬ ಪ್ರೊಫೆಸರಿದ್ದಾರೆ. ಮೊನ್ನೆ ಹೊಟ್ಟೆನೋವಿನವನೊಬ್ಬನನ್ನು ನಾವೆಲ್ಲ ಸರದಿಯ ಮೇಲೆ ಮುಟ್ಟಿ, ಒತ್ತಿ, ಉದ್ದುದ್ದ ಹೆಸರು ಹೇಳಿದೆವು. ಅವರು ಎಲ್ಲ ಕೇಳಿ, "ಸರಿ, ಇವನಿಗೆ ಅಡುಗೆ ಮಾಡೋರು ಯಾರು?" ಅಂದರು. ಯಾರಿಗೂ ಗೊತ್ತಿರಲಿಲ್ಲ. ಅವನ ಹೆಂಡತಿ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. "ಹೊಟ್ಟೆ ತಾನಾಗೇ ಬಸ್ಸು ಹತ್ತಿ ಆಸ್ಪತ್ರೆಗೆ ಬರಲ್ಲ, ಒಬ್ಬ ಮನುಷ್ಯ ಅದನ್ನ ಹೊತ್ಕೊಂಡು ಬರ್ತಾನೆ" ಎಂದು ಬೈದರು.

ಆದ್ದರಿಂದ ಕೇಳುತ್ತಿದ್ದೇನೆ. ಪ್ರಾಸವಿಲ್ಲದೆ ಉತ್ತರ ಬರೆಯಿರಿ. ಅಮ್ಮನ ತೂಕ ಇಳಿದಿದೆಯೇ? ನಿದ್ದೆ ಬರುತ್ತದೆಯೇ? ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಏನು ಉಣ್ಣುತ್ತಾಳೆ, ಯಾರ ಜೊತೆ ಕೂತು ಉಣ್ಣುತ್ತಾಳೆ? ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದಾಳೆಯೇ?

ನನ್ನ ಪರೀಕ್ಷೆ ಮುಗಿಯುವುದು ಯುಗಾದಿಯ ಹೊತ್ತಿಗೆ. ಅಲ್ಲಿಯವರೆಗೆ ಬರುವ ಹಾಗಿಲ್ಲ. ಹೊಸ ರವಿಕೆಗೆ ಅಮ್ಮ ಅಳತೆ ಕೇಳಿದ್ದಳು. ಮೈಸೂರಿಗೆ ಹೊರಟ ಗೆಳತಿಯೊಬ್ಬಳ ಕೈಯಲ್ಲಿ ನನ್ನದೊಂದು ರವಿಕೆ ಕಳಿಸಿದ್ದೇನೆ.

ಮೊಸರು ಚೆನ್ನಾಗಿದೆ ಎಂದು ಹೇಳಿ.

ಇತಿ,
ಅಂಬುಜಾ


ಮೈಸೂರು
5 ಫೆಬ್ರವರಿ 1960

ಚಿ. ಅಂಬುಜಾಳಿಗೆ ಆಶೀರ್ವಾದ.

ಪ್ರಾಸವಿಲ್ಲದೆ ಬರೆಯುತ್ತಿದ್ದೇನೆ. ಉಪ್ಪಿಲ್ಲದ ಸಾರಿನ ಹಾಗಿರುತ್ತದೆ, ದೂರಬೇಡ.

ತೂಕ: ದೊರೆಸ್ವಾಮಿ ನೋಡಿದರು, ಬರೆದುಕೊಂಡರು, ನನ್ನ ಕಡೆ ತಿರುಗಲಿಲ್ಲ. ನಿದ್ದೆ: ನಾನು ನಿದ್ದೆ ಮಾಡುವಾಗ ಅವಳಿಗೆ ನಿದ್ದೆ ಬಂದಿದೆಯೇ ಎಂದು ನನಗೆ ಹೇಗೆ ಗೊತ್ತಾಗಬೇಕು? ಊಟ: ನಾನು ಉಂಡು ಪ್ರೆಸ್ಸಿಗೆ ಹೋಗುತ್ತೇನೆ. ಅವಳದು ಮಡಿ, ಪೂಜೆ, ಅಡುಗೆಮನೆ ಎಲ್ಲ ಮುಗಿದ ಮೇಲೆ. ಎಷ್ಟು ಹೊತ್ತಿಗೆ ಎಂದರೆ, ಆಮೇಲೆ. ಏನು ಎಂದರೆ, ಮಾಡಿದ್ದನ್ನು. ಯಾರ ಜೊತೆ ಎಂಬ ಪ್ರಶ್ನೆ ಕೇಳಿದ್ದರಿಂದ ನಿಮ್ಮ ಪ್ರೊಫೆಸರು ನಮ್ಮ ಕಡೆಯವರಲ್ಲ ಎಂದು ಗೊತ್ತಾಯಿತು.

ಮನಸ್ಸಿನ ವಿಚಾರ ನನ್ನನ್ನು ಕೇಳಬೇಡ. ನಾನು ಪ್ರೂಫ್ ನೋಡುವವನು. ನಮ್ಮ ಕಸುಬಿನಲ್ಲಿ ಅಕ್ಷರ ನೋಡಬೇಕು, ಅರ್ಥ ನೋಡಬಾರದು. ಅರ್ಥದ ಬೆನ್ನು ಹತ್ತಿದರೆ ಕಣ್ಣು ಜಾರಿ ತಪ್ಪು ಉಳಿದುಬಿಡುತ್ತದೆ. ದೊರೆಸ್ವಾಮಿಯವರದೂ ಅದೇ ಕ್ರಮವೆಂದು ಕಾಣುತ್ತದೆ. ತಪ್ಪಿರುವ ಜಾಗ ಹುಡುಕುತ್ತಾರೆ, ಅಲ್ಲಿ ಗೆರೆ ಎಳೆಯುತ್ತಾರೆ.

ಎಳೆದಿದ್ದಾರೆ. ಅದನ್ನು ಹೇಳಲು ಇಷ್ಟು ಸುತ್ತುಬಳಸಿದೆ. "ಹಾಲಿಗೂ ಬಗ್ಗಲಿಲ್ಲ ಅಂದ್ರೆ ಇನ್ನು ಕಾಯೋದ್ರಲ್ಲಿ ಅರ್ಥವಿಲ್ಲ ಸಾರ್. ಜಠರದ ಒಂದು ಭಾಗ ತೆಗೀಬೇಕು" ಎಂದರು. ಮಾರ್ಚ್ ಹತ್ತಕ್ಕೆ ಆಪರೇಷನ್. ರಕ್ತ ಬಹಳ ಕಮ್ಮಿಯಿದೆಯಂತೆ. "ಅಪಾಯ ಉಂಟೇ?" ಎಂದೆ. "ಇಲ್ಲ ಅನ್ನೋಕಾಗಲ್ಲ" ಎಂದರು.

ವಸಂತಮ್ಮ ಬೇಲಿಯಾಚೆಯಿಂದ, "ಕತ್ತಿ ಗಿತ್ತಿ ಯಾಕ್ರೀ ರಾಯರೇ, ಬೆಟ್ಟದ ತಾಯಿಗೆ ಹರಸ್ಕೊಂಡ್ಬುಡಿ" ಎಂದರು. ಅದನ್ನೂ ಮಾಡಿದೆ. ನಿಮ್ಮಮ್ಮ ಎರಡಕ್ಕೂ "ಆಗ್ಲಿ ಕಣ್ರೀ" ಅಂದಿದ್ದಾಳೆ.

ನೀನಿನ್ನೂ ಡಾಕ್ಟರಾಗಿಲ್ಲ. ಓದಿಕೋ.

ಇತಿ,
ಬಿಂದುಮಾಧವ


ಮಂಗಳೂರು
11 ಫೆಬ್ರವರಿ 1960

ಅಪ್ಪನಿಗೆ ನಮಸ್ಕಾರ.

ನಾನು ಡಾಕ್ಟರಲ್ಲ, ಒಪ್ಪಿದೆ. ಅಷ್ಟು ಕಮ್ಮಿ ರಕ್ತದಲ್ಲಿ ಜಠರ ಕತ್ತರಿಸಿಕೊಂಡ ಹೆಂಗಸೊಬ್ಬರನ್ನು ಹೋದ ವಾರ ನಮ್ಮ ವಾರ್ಡಿನಲ್ಲಿ ನೋಡಿದೆ. ಮುಂದಿನದನ್ನು ಬರೆಯುವುದಿಲ್ಲ.

ಇಷ್ಟು ಹಾಲು ಕುಡಿದೂ ಒಂದಿಷ್ಟೂ ಇಳಿಯದ ಉರಿ ನನಗೆ ಅರ್ಥವಾಗುತ್ತಿಲ್ಲ. ಪ್ರೊಫೆಸರನ್ನು ಕೇಳಿದೆ. ಅವರು, "ಕುಡಿದಿದ್ದನ್ನ ಕಣ್ಣಾರೆ ನೋಡಿದವರು ಯಾರು?" ಅಂದರು.

ಅಪ್ಪ, ಒಂದು ದಿನ ಪ್ರೆಸ್ಸಿಗೆ ರಜ ಹಾಕಿ. ಅಮ್ಮ ಊಟ ಮಾಡುವುದನ್ನು ನೋಡಿ. ಬೇರೇನೂ ಬೇಡ.

ಅಂಬುಜಾ


ಮೈಸೂರು
22 ಫೆಬ್ರವರಿ 1960

ಚಿ. ಅಂಬುಜಾ,

ಶನಿವಾರ ರಜ ಹಾಕಿದೆ. ನಿಮ್ಮಮ್ಮನಿಗೆ ಹೇಳಲಿಲ್ಲ. ಎಂದಿನ ಹಾಗೆ ಉಂಡು, ಹಾಲು ಬಗ್ಗಿಸಿಟ್ಟು, ಕೊಡೆ ಹಿಡಿದು ಹೊರಟು, ವಸಂತಮ್ಮನವರ ಜಗಲಿಯಲ್ಲಿ ಕೂತೆ. "ಏನ್ರೀ ರಾಯರೇ, ಮನೆಯಿಂದ ಆಚೆ ಹಾಕ್ಬುಟ್ರಾ?" ಎಂದರು. ಹೌದೆಂದೆ. ಅದೇ ಸುಲಭದ ಉತ್ತರವಾಗಿತ್ತು.

ಬಿಸಿಲು ಇಳಿಮುಖವಾದ ಮೇಲೆ ಹಿತ್ತಲ ಬಾಗಿಲಿಂದ ಒಳಗೆ ಹೋದೆ. ಅವಳು ಆಗ ತಾನೇ ಕೂತಿದ್ದಳು. ಎಲೆಯ ಮೇಲೆ ಆರಿದ ಅನ್ನ, ಹುಣಸೆಹಣ್ಣಿನ ಗೊಜ್ಜು. ಅಷ್ಟೇ. ಬೇಳೆಯಿಲ್ಲ, ಸೊಪ್ಪಿಲ್ಲ, ಮಜ್ಜಿಗೆಯೂ ಇಲ್ಲ. ನಾನು ಬಗ್ಗಿಸಿಟ್ಟಿದ್ದ ಲೋಟ ತೊಳೆದು ಬೋರಲು ಹಾಕಿತ್ತು.

"ಏನೇ ಇದು?"

"ಊಟ."

"ಹಾಲು ಎಲ್ಲಿ?"

"ಹೆಪ್ಪು ಹಾಕ್ದೆ. ಇಲ್ದಿದ್ರೆ ಕೆಟ್ಟೋಗಲ್ವೇ?"

"ಡಾಕ್ಟ್ರು ನಿನಗೆ ಅಂತ ಹೇಳಿದ್ದು ಕಣೇ ಅದು!"

"ನೀವು ಉಂಡ್ರೆ ದಂಡವಾಯ್ತೇ?"

ಅಂಬುಜಾ, ಆಷಾಢದಿಂದ ಕಾರ್ತಿಕದವರೆಗೆ ನಮ್ಮ ಮನೆಯಲ್ಲಿ ತಿಂಗಳಿಗೊಂದು ಪದಾರ್ಥ ಬಿಡುವ ವ್ರತವನ್ನು ನೀನೂ ಚಿಕ್ಕಂದಿನಿಂದ ನೋಡಿದ್ದೀ. ಮೊದಲು ಸೊಪ್ಪು ತರಕಾರಿ, ಆಮೇಲೆ ಮೊಸರು, ಆಮೇಲೆ ಹಾಲು, ಕಡೆಗೆ ಬೇಳೆ. ಬಿಟ್ಟದ್ದನ್ನು ಕೊನೆಯಲ್ಲಿ ಮೊದಲು ಇನ್ನೊಬ್ಬರಿಗೆ ಬಡಿಸಿ, ಆಮೇಲೆ ತಾನು ತಿನ್ನಬೇಕು. ಹೋದ ಆಷಾಢದಲ್ಲಿ ನಿಮ್ಮಮ್ಮ ನಾಲ್ಕನ್ನೂ ಒಟ್ಟಿಗೇ ಬಿಟ್ಟಿದ್ದಾಳೆ. ಕಾರ್ತಿಕದಲ್ಲಿ ವ್ರತ ಮುಗಿಯಿತೆಂದು ನಾನು ಅಂದುಕೊಂಡೆ, ಏಕೆಂದರೆ ಆ ದಿನ ನನಗೆ ಎಲ್ಲವನ್ನೂ ಬಡಿಸಿದಳು. ತಾನು ತಿಂದಿಲ್ಲ. ವ್ರತದ ಸಂಗತಿ ಡಾಕ್ಟರಿಗೆ ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ. ಗೋಡೆಯ ಸುಣ್ಣದಷ್ಟೇ ಅಭ್ಯಾಸವಾಗಿಹೋದದ್ದನ್ನು ಯಾರು ರೋಗದ ಜೊತೆ ಹೇಳುತ್ತಾರೆ?

"ಯಾಕೆ ಹೀಗೆ ಮಾಡಿದೆ?" ಎಂದು ಕೂಗಿದೆ.

"ನೀವೇ ಹಾಡಿದ್ರಲ್ಲ" ಎಂದಳು.

ಆಷಾಢದಲ್ಲಿ ನೀನು ಹೊಸ ಹಾಸ್ಟೆಲಿನ ಊಟದ ಬಗ್ಗೆ ಬರೆದ ಕಾಗದ ನೆನಪಿದೆಯೇ? ಅದನ್ನು ನಾನು ಪದ್ಯ ಮಾಡಿ ಮನೆ ತುಂಬ ಹಾಡಿಕೊಂಡು ತಿರುಗಿದ್ದೆ:

ಹಾಸ್ಟೆಲಿನಲ್ಲಿ ತೊವ್ವೆಯೇ ನೀರು,
ಸೊಪ್ಪು, ಹಾಲು ಕಂಡವರು ಯಾರು?
ಮೊಸರೆಂಬುದು ಬರಿಯ ಹೆಸರು.

ನಾನು ನಗುತ್ತಿದ್ದೆ. ಅವಳು ಒಲೆಯ ಮುಂದೆ ಕೂತು ಒಂದೊಂದಾಗಿ ಕೇಳಿಸಿಕೊಂಡಿದ್ದಾಳೆ. "ಮಗು ಕಾಣದ್ದು ನನಗೂ ಬೇಡ ಅಂತ ದೇವರ ಮುಂದೆ ಹೇಳ್ಬಿಟ್ಟೆ. ಅವಳು ಹೊಟ್ಟೆ ತುಂಬ ತಿನ್ನೋವರ್ಗೂ."

"ಡಾಕ್ಟ್ರಿಗಾದ್ರೂ ಹೇಳಬಾರದಿತ್ತೇ?"

"ಅವ್ರು ಕೇಳ್ಲಿಲ್ಲ. ಎಲ್ಲಿ ನೋಯತ್ತೆ ಅಂದ್ರು. ತೋರ್ಸ್ದೆ."

ಗದರಿದೆ, ಬೇಡಿದೆ. ಹಾಲಿನ ಲೋಟ ಹಿಡಿದು ಎದುರಿಗೆ ಕೂತೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಔಷಧಿಯನ್ನು ಇಷ್ಟು ದಿನ ಮೊಸರು ಮಾಡಿ, ಪಾಯಸ ಮಾಡಿ ಉಂಡವನು ನಾನು. ಪಂಚೆಯ ಗಂಟಿನ ಸಂಗತಿಯನ್ನು ನಿನಗೆ ತಮಾಷೆಯಾಗಿ ಬರೆದಿದ್ದೆ.

ನೀನು ಬರೆದರೆ ಕೇಳಬಹುದು. ಹಾಸ್ಟೆಲಿನ ಊಟ ಸುಧಾರಿಸಿದೆ, ಮೊಸರು ಗಟ್ಟಿಯಾಗಿದೆ ಎಂದು ಬರೆ. ಸುಳ್ಳಾದರೂ ಸರಿ. ಬೇಗ ಬರೆ. ಹತ್ತನೇ ತಾರೀಖು ದೂರವಿಲ್ಲ.

ಅಪ್ಪ


ಮಂಗಳೂರು
26 ಫೆಬ್ರವರಿ 1960

ಪ್ರೀತಿಯ ಅಮ್ಮನಿಗೆ ಅಂಬುಜಾಳ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ಹಾಸ್ಟೆಲಿನಲ್ಲಿ ಹೊಸ ಅಡುಗೆಯವರು ಬಂದಿದ್ದಾರೆ. ದಿನಾ ಸೊಪ್ಪಿನ ಹುಳಿ, ಗಟ್ಟಿ ತೊವ್ವೆ. ಮಲಗುವಾಗ ಹಾಲು. ಮೊಸರಂತೂ ಚಮಚ ನಿಲ್ಲುತ್ತದೆ. ನಾನು ದಪ್ಪಗಾಗಿದ್ದೇನೆ ಎಂದು ಎಲ್ಲರೂ ಹೇಳುತ್ತಾರೆ.

ಆದ್ದರಿಂದ ನಿನ್ನ ವ್ರತ ನಡೆದ ಹಾಗೇ ಆಯಿತು. ದಯವಿಟ್ಟು ಇವತ್ತಿನಿಂದಲೇ ಹಾಲು ಕುಡಿ. ಆ ಗೊಜ್ಜು ಮುಟ್ಟಬೇಡ. ಮಧ್ಯಾಹ್ನದ ತನಕ ಖಾಲಿ ಹೊಟ್ಟೆಯಲ್ಲಿರಬೇಡ. ನೀನು ಎಷ್ಟು ಹೊತ್ತಿಗೆ ಊಟ ಮಾಡುತ್ತೀ, ಏನು ಊಟ ಮಾಡುತ್ತೀ, ಯಾರ ಜೊತೆ ಎಂದು ನನಗೆ ನೀನೇ ಬರೆಯಬೇಕು.

ನಿನ್ನ
ಅಂಬುಜಾ


ಮೈಸೂರು
4 ಮಾರ್ಚ್ 1960

ಚಿ. ಅಂಬುಜಾ,

ನಿನ್ನ ಕಾಗದ ಬಂತು. ನಿಮ್ಮಮ್ಮ ತಾನೇ ಓದಿದಳು. ಮಡಿಸಿದಳು. ಎದ್ದು ಹೋಗಿ ನೀನು ಅಳತೆಗೆಂದು ಕಳಿಸಿದ ರವಿಕೆ ತಂದು ನನ್ನ ಮುಂದೆ ಒಳಮಗ್ಗುಲು ತಿರುಗಿಸಿ ಹಾಸಿದಳು.

"ನೋಡಿ. ನಾನು ಹೊಲ್ಸಿ ಕೊಟ್ಟಿದ್ದು ಈ ಗೆರೆಗೆ. ಇಲ್ಲಿ ಒಂದ್ಸಲ ಒಳಗೆ ಹೊಲ್ಕೊಂಡಿದಾಳೆ. ಆಮೇಲೆ ಇನ್ನೂ ಒಳಗೆ, ಇಲ್ಲಿ. ಮೊಸ್ರಲ್ಲಿ ಚಮಚ ನಿಲ್ಲತ್ತಂತೆ, ರವಿಕೆ ಮಾತ್ರ ಮೈ ಮೇಲೆ ನಿಲ್ಲಲ್ಲವೇ?"

"ದರ್ಜಿ ಮಾಡಿರಬಹುದು" ಎಂದೆ.

"ಇದು ಅವಳದೇ ಕೈ. ಚಿಕ್ಕಂದಿನಿಂದ ಗಂಟು ಉಲ್ಟಾ ಹಾಕ್ತಾಳೆ."

ನಾನು ಅಕ್ಷರ ನೋಡುವವನು, ಹೊಲಿಗೆ ನೋಡಲು ಬರುವುದಿಲ್ಲ. ಆದರೆ ಆ ಎರಡು ಸಾಲು ನನಗೂ ಕಂಡವು.

ದೊರೆಸ್ವಾಮಿಯವರ ಹತ್ತಿರ ಹೋಗಿ ಎಲ್ಲ ಹೇಳಿದೆ. ನಗುತ್ತಾರೆಂದು ಹೆದರಿದ್ದೆ. ಎಕ್ಸ್‌ರೇಯನ್ನು ಲಕೋಟೆಯಿಂದ ತೆಗೆದರು, ನೋಡದೆ ಒಳಗಿಟ್ಟರು. "ಒಂದು ದಿನವೂ ಕುಡಿದಿಲ್ಲವೇ?" "ಇಲ್ಲ." "ಹಾಗಾದ್ರೆ ನಾನು ಇನ್ನೂ ಟ್ರೀಟ್‌ಮೆಂಟೇ ಕೊಟ್ಟಿಲ್ಲ" ಎಂದರು. ಆಮೇಲೆ, "ಯುಗಾದಿವರ್ಗೂ ಕಾಯ್ತೀನಿ ಸಾರ್. ಈ ರಕ್ತದಲ್ಲಿ ಅವರನ್ನ ಟೇಬಲ್ ಮೇಲೆ ಮಲಗಿಸೋಕೆ ನನಗೂ ಇಷ್ಟವಿಲ್ಲ. ಆದ್ರೆ ವಾಂತೀಲಿ ರಕ್ತ ಬಂದ್ರೆ ಆ ಗಳಿಗೇಲೇ ಕರ್ಕೊಂಡು ಬನ್ನಿ. ಅಷ್ಟರಲ್ಲಿ ಹೇಗಾದ್ರೂ ತಿನ್ಸಿ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ" ಎಂದರು.

ನಿನ್ನೆ ಬಚ್ಚಲ ಬಾಗಿಲಲ್ಲಿ ಬಿದ್ದಳು. ನಾನು ಎತ್ತಿದೆ. ಎತ್ತುವುದು ಇಷ್ಟು ಸುಲಭವಾಗಬಾರದಿತ್ತು.

ಈಗ ನಾನು ಕೇಳುತ್ತೇನೆ. ನೀನು ಊಟ ಮಾಡುತ್ತಿದ್ದೀಯಾ? ನನಗೆ ಬರೆಯಬೇಡ. ಅವಳಿಗೆ ಬರೆ.

ಅಪ್ಪ


ಮಂಗಳೂರು
9 ಮಾರ್ಚ್ 1960

ಅಮ್ಮ,

ಹೊಸ ಅಡುಗೆಯವರು ಬಂದಿಲ್ಲ. ನಾನು ದಪ್ಪಗಾಗಿಲ್ಲ.

ಆಷಾಢದಲ್ಲಿ ಮೊಸರು ನೀರಾಗಿದೆ ಎಂದು ಬರೆದೆನಲ್ಲ, ಅದೂ ಸುಳ್ಳು. ಇಲ್ಲಿನ ಮೊಸರು ಹೇಗಿದೆ ಎಂದು ನನಗೆ ಗೊತ್ತಿಲ್ಲ. ನಾನು ತಿಂದಿಲ್ಲ. ತಿನ್ನದೆ ಇರುವುದಕ್ಕೆ ಒಂದು ಕಾರಣ ಬೇಕಿತ್ತು, ಬರೆದೆ. ಬೇರೆ ಹುಡುಗಿಯರು ಅದನ್ನೇ ಕಲೆಸಿ ಉಣ್ಣುತ್ತಾರೆ.

ಮೊದಲ ಎರಡು ವರ್ಷ ನಮಗೆ ಹೆಣ ಕೊಯ್ದು ಕಲಿಸುತ್ತಾರೆ. ನಿನಗೆ ಗೊತ್ತಿತ್ತು, ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಷ್ಟು ಸೋಪು ಹಾಕಿ ಉಜ್ಜಿದರೂ ಬಲಗೈಯಿಂದ, ಹೆಣ ಕೆಡದಂತೆ ಹಾಕುವ ಔಷಧದ ವಾಸನೆ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಅನ್ನ ಕಲೆಸಿ ಬಾಯಿಗೆ ತರಲು ಆಗಲಿಲ್ಲ. ಆ ಕೊಠಡಿಯ ಪಾಠ ಮುಗಿದು ಬಹಳ ದಿನವಾಯಿತು, ವಾಸನೆಯೂ ಹೋಯಿತು. ಕೈ ಮಾತ್ರ ಬಾಯಿಯ ಹತ್ತಿರ ಬಂದು ನಿಲ್ಲುತ್ತದೆ. ಚಮಚದಲ್ಲಿ ಒಂದೆರಡು ತುತ್ತು, ಟೀ, ಬಿಸ್ಕತ್ತು, ಅಷ್ಟರಲ್ಲಿ ದಿನ ತಳ್ಳುತ್ತೇನೆ. ಎಲ್ಲರೂ ಉಂಡು ಎದ್ದ ಮೇಲೆ ಮೆಸ್ಸಿಗೆ ಹೋಗುತ್ತೇನೆ, ಯಾರೂ ನೋಡಬಾರದೆಂದು. ದೀಪಾವಳಿಗೆ ಬಂದಾಗ ಓದುವುದಿದೆ ಎಂದು ತಟ್ಟೆ ಹಿಡಿದು ಕೋಣೆಗೆ ಹೋಗುತ್ತಿದ್ದದ್ದೂ ಅದಕ್ಕೇ.

ಮಡಿಯುಟ್ಟು ನಿಂತ ನಿನಗೆ ಇದನ್ನು ಹೇಗೆ ಹೇಳುವುದು? ಈ ಕೈ ಏನೇನು ಮುಟ್ಟಿದೆ ಎಂದು ಗೊತ್ತಾದರೆ ನೀನು ನನ್ನನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡುತ್ತೀಯೋ ಇಲ್ಲವೋ ಎಂದು ಹೆದರಿದ್ದೆ.

ವಾರ್ಡಿನಲ್ಲಿ ಎಲ್ಲ ರೋಗಿಗಳನ್ನೂ, ಏನು ತಿಂದಿರಿ, ಯಾರ ಜೊತೆ ತಿಂದಿರಿ ಎಂದು ಕೇಳುತ್ತೇನೆ. ಚೆನ್ನಾಗಿ ಕೇಳುತ್ತೀ ಎಂದು ಪ್ರೊಫೆಸರು ಹೊಗಳುತ್ತಾರೆ.

ನೀನು ಹಾಲು ಕುಡಿಯಬೇಕು ಅಮ್ಮ. ನನ್ನ ಮೇಲೆ ಕೋಪವಿದ್ದರೂ ಕುಡಿಯಬೇಕು.

ಅಂಬುಜಾ


ಮೈಸೂರು
16 ಮಾರ್ಚ್ 1960

ಚಿ. ಅಂಬುಜಾಗೆ ನಿಮ್ಮಮ್ಮ ಮಾಡುವ ಆಶೀರ್ವಾದ.

ನಿಮ್ಮಪ್ಪ, ಕಾಗುಣಿತ ನೋಡ್ತೀನಿ ಕೊಡು ಅಂದ್ರು. ಕೊಡಲಿಲ್ಲ. ತಪ್ಪಿದ್ರೆ ಇರಲಿ, ಓದ್ಕೋ.

ನಿನ್ನ ಕಾಗದ ಓದಿದೆ. ಅತ್ತೆ, ಅಂದ್ರೆ ನಿಮ್ಮಜ್ಜಿ, ಹೋದ ದಿನ ನಿನಗೆ ನೆನಪಿರಬೇಕು. ಅವರಿಗೆ ಕೊನೇ ಸ್ನಾನ ಮಾಡಿಸಿದ್ದು ನಾನು. ಕಾಲು ತಿಕ್ಕಿದೆ, ಕೂದಲು ಬಿಡಿಸಿದೆ, ಹಣೆಗೆ ಇಟ್ಟೆ. ಎಲ್ಲ ಈ ಬಲಗೈಯಲ್ಲೇ. ಅವತ್ತು ನಮ್ಮನೇಲಿ ಒಲೆ ಹಚ್ಚೋ ಹಾಗಿರಲಿಲ್ಲ. ಸಂಜೆ ವಸಂತಮ್ಮ ಅನ್ನ ಮೊಸರು ತಂದ್ರು. ನೀನು ಹಸಿವು ಅಂತ ಅಳ್ತಿದ್ದೆ. ಸ್ನಾನ ಮಾಡಿ ಬಂದು ಅದೇ ಕೈಯಲ್ಲಿ ಕಲೆಸಿ ನಿನ್ನ ಅಂಗೈಗೆ ತುತ್ತು ಇಟ್ಟೆ. ನೀನು ಬಟ್ಟಲು ಖಾಲಿಯಾಗೋವರ್ಗೂ ತಿಂದು ಅಲ್ಲೇ ಮಲಗಿಬಿಟ್ಟೆ. ನನ್ನ ಕೈ ನಿನಗೆ ಅಸಹ್ಯ ಆಗಲಿಲ್ಲ. ನಿನ್ನ ಕೈ ನನಗೆ ಆಗತ್ತೇನೇ? ಮಡಿ ಸ್ನಾನ ಮಾಡಿದ್ರೆ ಬರತ್ತೆ ಕಣೇ. ಅದಕ್ಯಾಕೆ ಹೊಟ್ಟೆ ಒಣಗಿಸ್ಕೊಂಡೆ?

ನನ್ನ ಕೇಳಿದ್ಯಲ್ಲ ಪ್ರಶ್ನೆ, ಎಷ್ಟು ಹೊತ್ತಿಗೆ, ಏನು, ಯಾರ ಜೊತೆ ಅಂತ. ಒಳ್ಳೇ ಪ್ರಶ್ನೆ. ಮದುವೆಯಾದಾಗಿನಿಂದ ನನ್ನ ಯಾರೂ ಕೇಳಿರಲಿಲ್ಲ. ನಿನ್ನ ಅಲ್ಲಿ ಯಾರು ಕೇಳ್ತಾರೆ? ನಾಳೆಯಿಂದ ಎಲ್ಲರೂ ಉಂಡು ಏಳೋಕೆ ಮುಂಚೆ ಮೆಸ್ಸಿಗೆ ಹೋಗು. ಯಾರಾದ್ರೂ ಹುಡುಗಿ ಪಕ್ಕದಲ್ಲಿ ಕೂತ್ಕೋ. ತಿನ್ನೋಕಾಗದಿದ್ರೂ ಕೂತ್ಕೋ.

ನಾನೂ ಹಾಗೇ ಮಾಡ್ತಿದ್ದೀನಿ. ನಿಮ್ಮಪ್ಪ ಈಗ ಬೆಳಿಗ್ಗೆ ನಾನು ಕೂತ್ಕೊಳ್ಳೋವರ್ಗೂ ತಾವೂ ಕೂತ್ಕೊಳ್ಳಲ್ಲ. ಪ್ರೆಸ್ಸಿಗೆ ಹೊತ್ತಾಗತ್ತೆ, ಆಗ್ಲಿ ಅಂತಾರೆ. ಗೊಜ್ಜಿನ ಭರಣಿ ತಗೊಂಡು ಹೋಗಿ ವಸಂತಮ್ಮನಿಗೆ ಕೊಟ್ಬಿಟ್ರು.

ವ್ರತ ಬಿಡು ಅಂತ ಎಲ್ಲರೂ ಹೇಳ್ತಾರೆ. ದೇವರ ಮುಂದೆ ಹೇಳಿದ್ದನ್ನ ಸುಳ್ಳು ಕಾಗದಕ್ಕೆ ಬಿಡೋಕಾಗಲ್ಲ. ನೀನು ನಿಜ ಬರೆದದ್ದಕ್ಕೆ ಈವತ್ತು ಅರ್ಧ ಲೋಟ ಹಾಲು ಕುಡಿದೆ. ದೇವರಿಗೂ ಹೇಳ್ದೆ, ಅರ್ಧ ಮಾತ್ರ ಅಂತ. ರುಚಿ ಮರೆತೇಹೋಗಿತ್ತು. ಒಳಗೆ ಹೋದದ್ದು ಗೊತ್ತಾಯ್ತು. ನಿಮ್ಮಪ್ಪ ಎದುರಿಗೇ ಕೂತು ನೋಡ್ತಿದ್ರು. ಪದ್ಯ ಗಿದ್ಯ ಏನೂ ಕಟ್ಟಲಿಲ್ಲ. ದಿನಾ ಅರ್ಧ ಕುಡೀತೀನಿ. ಡಾಕ್ಟ್ರಿಗೆ ಅಷ್ಟು ಸಾಲದು ಅಂತ ನನಗೂ ಗೊತ್ತು. ಇನ್ನರ್ಧ ನಿನ್ನ ಕೈಲಿದೆ.

ಬಿಟ್ಟದ್ದನ್ನ ಮೊದಲು ಇನ್ನೊಬ್ಬರಿಗೆ ಬಡಿಸಿ, ಆಮೇಲೆ ನಾನು ತಿನ್ನಬೇಕು. ಹೋದ ಸಲ ನಿಮ್ಮಪ್ಪಂಗೆ ಬಡಿಸ್ದೆ, ಅದು ಲೆಕ್ಕಕ್ಕೆ ಬರಲಿಲ್ಲ. ಯುಗಾದಿಗೆ ನೀನು ಬರೋ ಹಿಂದಿನ ದಿನ ಹೆಪ್ಪು ಹಾಕ್ತೀನಿ. ಬಸ್ಸಿಳಿದು ಬಂದು ಸ್ನಾನ ಮಾಡು. ಅಡುಗೆಮನೆಗೆ ಬಾ, ಒಲೆ ಹತ್ರ ನನ್ನ ಪಕ್ಕ ಕೂತ್ಕೋ. ತಟ್ಟೆ ಬೇಡ, ಚಮಚ ಬೇಡ, ಕೋಣೆ ಬೇಡ. ಕೈ ಚಾಚು, ಅನ್ನ ಮೊಸರು ಕಲೆಸಿ ತುತ್ತು ಹಾಕ್ತೀನಿ. ನಿಂಗೊಂದು, ನನಗೊಂದು.

ಬಲಗೈ ಕಣೇ. ಎಡಗೈ ಚಾಚಿದ್ರೆ ಹಾಕಲ್ಲ.

ಇತಿ,
ನಾಗಮಣಿ